ಕೆಳದವಡೆಯ ಎಡಮೂಲೆ

ಡಾಕ್ಟರ್ ರೆಹಾನಾ ಹಾಕಿದ್ದು ಒಂದೇ ಹೊಲಿಗೆ.
ಕಪ್ಪು ರೇಷ್ಮೆ ನೂಲು, ಗಂಟು ಕೊಂಚ ದಪ್ಪ.
ನಾನಾಗಿದ್ದರೆ ಒಂದು ಸುತ್ತು ಕಡಿಮೆ ಸುತ್ತಿ
ತುದಿ ಒಳಗೆ ಮಡಚುತ್ತಿದ್ದೆ.
ಹೇಳೋಣವೆಂದರೆ ಬಾಯಿ ತುಂಬ ಹತ್ತಿ.

ಗಾಂಧಿ ಬಜಾರಿನ ಈ ಮಹಡಿಯಲ್ಲಿ ಮೂವತ್ತೊಂದು ವರ್ಷ
ನೂಲು ಕಡಿದ ಹಲ್ಲಲ್ಲ ಇದು.
ಅದು ಮುಂದಿನದು, ಸಣ್ಣ ಗೀರು ಬಿದ್ದಿದೆ,
ನೂಲು ತಾನಾಗಿ ಹೋಗಿ ಅಲ್ಲಿ ಕೂರುತ್ತದೆ.
ಇದು ಕರೆಯದೆ ಬಂದು ಮೂಲೆಯಲ್ಲಿ
ಅಡ್ಡಡ್ಡ ಮಲಗಿದ್ದ ನೆಂಟ.
ಹೋದರೆ ಹೋಗಲಿ ಅಂದುಕೊಂಡಿದ್ದೆ.
ಹೋದಮೇಲೆ ಶುರುವಾಯಿತು.

ಉಗುಳಬೇಡಿ, ಮುಕ್ಕಳಿಸಬೇಡಿ,
ಎಳನೀರು ಲೋಟಕ್ಕೆ ಬಗ್ಗಿಸಿ ಕುಡೀರಿ, ಕೊಳವೆ ಬೇಡ.
ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತೆ,
ಅದು ಎದ್ದು ಬಂದರೆ ಮೂಳೆ ಬಯಲಾಗುತ್ತೆ,
ಆಮೇಲಿನ ನೋವು ಕಿವಿ ತನಕ.
ಇಷ್ಟನ್ನೂ ಆ ಹುಡುಗಿ ನಗುತ್ತಲೇ ಹೇಳಿದಳು.
ಗುಂಡಿ ಅಂದಾಗಲೆಲ್ಲ ನಾನು ನೋಡುತ್ತಿದ್ದದ್ದು
ಅವಳ ಬಿಳಿ ಕೋಟಿನ ಮೂರನೆಯದನ್ನು.
ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

ಎರಡನೇ ದಿನ ಕೆಳಗಿನ ಜೆರಾಕ್ಸ್ ಅಂಗಡಿಯ ಫಿಲೋಮಿನಾ
ರಾಗಿ ಗಂಜಿ ತಂದಳು, ಜೊತೆಗೆ ಭದ್ರಾವತಿಯ
ತನ್ನ ನಾದಿನಿಯ ಕತೆ ತಂದಳು:
ಹಲ್ಲು ಕೀಳಿಸಿ ನಾಲ್ಕನೇ ದಿನಕ್ಕೆ ಕತ್ತು ಊದಿ,
ಉಗುಳು ನುಂಗಲಾಗದೆ, ನಡುರಾತ್ರಿ ಮೆಗ್ಗಾನ್‌ಗೆ.
"ನಿಂಗೇನೂ ಆಗಲ್ಲ ಯಮುನಕ್ಕ" ಅಂದು
ಪಾತ್ರೆ ವಾಪಸ್ ಇಸಕೊಂಡು ಹೋದಳು.
ಅವತ್ತಿನಿಂದ ಅಳತೆಯ ಟೇಪು ಕತ್ತಿಗೆ.
ಹದಿಮೂರೂ ಮುಕ್ಕಾಲು.
ಸಂಜೆ ಹದಿಮೂರೂ ಮುಕ್ಕಾಲು.
ರಾತ್ರಿ ಹದಿನಾಲ್ಕು.
ಟೇಪು ಹಳೆಯದು, ಜಗ್ಗಿದೆ,
ಜಗ್ಗಿದ ಟೇಪು ಕಡಿಮೆ ತೋರಿಸಬೇಕಲ್ಲ?

ಮೂರನೇ ರಾತ್ರಿ ಮೂರು ಗಂಟೆ.
ಟ್ರಯಲ್ ರೂಮಿನ ಕನ್ನಡಿ, ಮೊಬೈಲ್ ಟಾರ್ಚು,
ಕೆನ್ನೆ ಎಳೆದು ಹಿಡಿಯಲು ಸೌಟಿನ ಹಿಡಿ.
ಗುಂಡಿಯೊಳಗೆ ಏನೋ ಬಿಳಿ.
ಕೀವೋ, ಮೂಳೆಯೋ, ಅನ್ನದ ಅಗುಳೋ.
ಬಟ್ಟೆಯಾಗಿದ್ದರೆ ಬೆರಳಲ್ಲಿ ಉಜ್ಜಿ
ಹತ್ತಿಯೋ ಟೆರಿಕಾಟೋ ಹೇಳಿಬಿಡುತ್ತಿದ್ದೆ.
ನಾಲಿಗೆಗೆ ಬುದ್ಧಿ ಹೇಳಿ ಸಾಕಾಯಿತು,
ಅದು ಅಲ್ಲಿಗೇ ಹೋಗುತ್ತದೆ,
ತುಕ್ಕು ಹಿಡಿದ ಸೂಜಿಯ ರುಚಿ ಹೊತ್ತು ಮರಳುತ್ತದೆ.

ಕೆಳತುಟಿಯ ಎಡತುದಿ ಇನ್ನೂ ನನ್ನದಲ್ಲ.
ಕಾಫಿ ಚೆಲ್ಲಿದ್ದು ಗದ್ದಕ್ಕೆ ಬಂದಮೇಲೆ ತಿಳಿಯಿತು.
ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಯೇ
ಎಷ್ಟು ಮದುವೆಗಳ ರವಿಕೆ ಕತ್ತರಿಸಿದ್ದೇನೆ.
ಈಗ ಒಂದು ಜಾರಿದರೂ ಗೊತ್ತಾಗುವುದಿಲ್ಲ.
ನರ ಪಕ್ಕದಲ್ಲೇ ಹಾದುಹೋಗುತ್ತೆ, ಬರುತ್ತೆ ಅಂದಳು.
ಯಾವಾಗ ಅಂದೆ.
ವಾರ ಆಗಬಹುದು, ತಿಂಗಳು ಆಗಬಹುದು ಅಂದಳು.
ನಾನೂ ಗಿರಾಕಿಗಳಿಗೆ ಹಾಗೇ ಅನ್ನುತ್ತೇನೆ.

ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು.
ಸಣ್ಣವಳಿದ್ದಾಗ ಸಗಣಿಯಲ್ಲಿಟ್ಟು ಹೆಂಚಿಗೆ ಎಸೆದಿದ್ದೆವು,
ಹೊಸದು ಬಾ ಅಂತ.
ಈ ವಯಸ್ಸಿನಲ್ಲಿ ಯಾವುದನ್ನು ಕರೆಯಲಿ.
ಬಿಳಿ ಗುಂಡಿಗಳ ಡಬ್ಬಿಯಲ್ಲಿ ಇಟ್ಟೆ.
ಸೌಭಾಗ್ಯ ಸ್ಕೂಲ್ ಯೂನಿಫಾರ್ಮಿಗೆಂದು ಕೈ ಹಾಕಿ
ಅದನ್ನೇ ಎತ್ತಿ, ತೂತು ಹುಡುಕಿ, ಕಿರುಚಿದಳು.
ನಗು ಬಂತು. ಹೊಲಿಗೆ ಜಗ್ಗಿತು.
ಜಗ್ಗಿತಲ್ಲ ಎಂದು ಮತ್ತೆ ಇಡೀ ದಿನ.

ಏಳನೇ ದಿನ ದುರ್ಗಿಗುಡಿಗೆ ನಡೆದೇ ಹೋದೆ.
ಆಟೋ ಕುಲುಕಿದರೆ ಎಂಬ ಭಯ.
ಟಿಣ್ ಎಂದಿತು ಕತ್ತರಿ, ನೂಲು ಹೊರಗೆ ಬಂತು.
ಆ ಬಿಳಿ? ಎಂದೆ, ಬಾಯಿ ತೆರೆದುಕೊಂಡೇ.
ಹೊಸ ಚರ್ಮ, ಅದೇ ಹಾಗೆ ಕಾಣೋದು ಅಂದಳು.

ಚೀಲದಲ್ಲಿ ಸೂಜಿ ಇತ್ತು, ಬಿಳಿ ನೂಲಿತ್ತು.
ಕೋಟು ಬಿಚ್ಚುವುದು ಬೇಡ ಅಂದೆ,
ನಿಂತಲ್ಲೇ ಹಾಕಿಕೊಟ್ಟೆ ಮೂರನೇ ಗುಂಡಿ,
ನಾಲ್ಕು ಸುತ್ತು, ಒಂದು ಗಂಟು.
ಕಡಿಯಲೆಂದು ತಲೆ ತಗ್ಗಿಸಿದವಳು
ಅವಳ ಎದೆಯ ಹತ್ತಿರ ಹಾಗೇ ನಿಂತೆ.
ಈಗ ಕಡೀಬಹುದಾ?
ಬಲಗಡೆಯಿಂದ ಅಂದಳು.

ಸೇತುವೆ ಮೇಲೆ ಗಾಳಿ ಜೋರಿತ್ತು.
ತುಟಿಯ ಬಲಭಾಗಕ್ಕೆ ತಣ್ಣಗಾಯಿತು.
ಎಡಕ್ಕೂ ಆಯಿತೇ ಎಂದು
ಲಾರಿಗಳು ಹಾದು ಹೋಗುವಷ್ಟು ಹೊತ್ತು
ಕಂಬಿ ಹಿಡಿದು ಅಲ್ಲೇ ಕಾದೆ.